ಕಮ್ಯುನಿಟಿ ಕಾಲೇಜಿನಿಂದ ರಾಜ್ಯಶಾಸ್ತ್ರದ ಪದವಿಗೆ: ಯಾವ ಕೋರ್ಸ್ ಕೆಲಸಕ್ಕೆ ಬರುತ್ತದೆ, ಯಾವುದು ಅಟ್ಟ ಸೇರುತ್ತದೆ

ಹೈಸ್ಕೂಲ್ ಮುಗಿಸಿದವರಿಗೆ ಪದವಿಯ ಮೊದಲ ಎರಡು ವರ್ಷ ಓದಿಸುವ ಸರ್ಕಾರಿ ಕಾಲೇಜುಗಳನ್ನು ಅಮೆರಿಕದಲ್ಲಿ ಕಮ್ಯುನಿಟಿ ಕಾಲೇಜು ಎನ್ನುತ್ತಾರೆ. 2025ರ ಫಾಲ್ ಟರ್ಮಿನಲ್ಲಿ, ಅಂದರೆ ಆಗಸ್ಟ್-ಸೆಪ್ಟೆಂಬರಿನಲ್ಲಿ ಶುರುವಾದ ಅವಧಿಯಲ್ಲಿ, ಕ್ಯಾಲಿಫೋರ್ನಿಯಾದ ಇಂಥ ಕಾಲೇಜುಗಳಲ್ಲಿ ಎರಡು ಬದಲಾವಣೆಗಳು ಒಟ್ಟಿಗೇ ಬಂದವು. ಅಮೆರಿಕದ ಸರ್ಕಾರ ಮತ್ತು ರಾಜಕೀಯದ ಆರಂಭಿಕ ಕೋರ್ಸಿಗೆ ಅಲ್ಲಿಯವರೆಗೆ ಒಂದೊಂದು ಕಾಲೇಜಿನಲ್ಲಿ ಒಂದೊಂದು ನಂಬರ್ ಇತ್ತು. ಈಗ ರಾಜ್ಯಕ್ಕೆಲ್ಲ ಒಂದೇ: ಪೋಲ್ಸ್ ಸಿ1000. ಜೊತೆಗೆ, ವರ್ಷಾನುಗಟ್ಟಲೆ ಎಲ್ಲರ ಬಾಯಲ್ಲಿದ್ದ ‘ಐಗೆಟ್ಸಿ’ ಎಂಬ ಸಾಮಾನ್ಯ ಕೋರ್ಸುಗಳ ಪಟ್ಟಿ ಹೊಸಬರಿಗೆ ಇಲ್ಲವಾಗಿ, ‘ಕ್ಯಾಲ್-ಗೆಟ್ಸಿ’ ಬಂತು. ಅಕ್ಕನ ಹಳೇ ಪಟ್ಟಿ ಇಟ್ಟುಕೊಂಡು ತಮ್ಮನಿಗೆ ಕೋರ್ಸ್ ಆರಿಸಲು ಕೂತ ಮನೆಗಳಲ್ಲಿ ತಲೆ ಕೆಡುವುದು ಸಹಜ.

ಕ್ಯುಪರ್ಟಿನೊ, ಸನ್ನಿವೇಲ್, ಫ್ರೀಮಾಂಟ್ ಕಡೆ ಕನ್ನಡದ ಮನೆಗಳು ಬಹಳ. ಅವುಗಳ ಪಕ್ಕದಲ್ಲೇ ಡಿ ಆಂಜಾ, ಫುಟ್‌ಹಿಲ್, ಮಿಷನ್, ಒಹ್ಲೋನಿ ಕಾಲೇಜುಗಳಿವೆ. ಮಗಳು ಎಂಜಿನಿಯರಿಂಗ್ ಬೇಡ, ರಾಜ್ಯಶಾಸ್ತ್ರ ಓದುತ್ತೇನೆ, ಅದೂ ಮೊದಲ ಎರಡು ವರ್ಷ ಕಮ್ಯುನಿಟಿ ಕಾಲೇಜಿನಲ್ಲಿ ಎಂದರೆ ಅಪ್ಪ ಅಮ್ಮನಿಗೆ ಒಂದೇ ಸಲ ಎರಡು ಆತಂಕ. ರಾಜ್ಯಶಾಸ್ತ್ರ ಓದಿ ಏನು ಮಾಡುತ್ತಾಳೆ ಎಂಬುದು ಬೇರೆಯೇ ಲೇಖನದ ವಿಷಯ. ಎರಡು ವರ್ಷ ಓದಿದ್ದು ಮುಂದೆ ಲೆಕ್ಕಕ್ಕೆ ಬರುತ್ತದೆಯೇ ಎಂಬುದನ್ನು ಇಲ್ಲಿ ನೋಡೋಣ.

ಇದು ಹಿಂಬಾಗಿಲಲ್ಲ

ಕ್ಯಾಲಿಫೋರ್ನಿಯಾದ ಸರ್ಕಾರಿ ಉನ್ನತ ಶಿಕ್ಷಣ 1960ರ ‘ಮಾಸ್ಟರ್ ಪ್ಲಾನ್’ ಪ್ರಕಾರ ಮೂರು ಅಂತಸ್ತಿನ ಕಟ್ಟಡ. ಮೇಲಿನದು ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾ, ಅಂದರೆ ಯುಸಿ. ಬರ್ಕ್ಲಿ, ಲಾಸ್ ಏಂಜಲೀಸ್, ಡೇವಿಸ್ ಎಲ್ಲ ಇದರ ಕ್ಯಾಂಪಸ್‌ಗಳು. ಹೈಸ್ಕೂಲ್ ಮುಗಿಸಿದವರಲ್ಲಿ ಮುಂದಿರುವ ಎಂಟನೇ ಒಂದು ಭಾಗಕ್ಕೆ ಇದು ಎಂದು ಯೋಜನೆ ಹೇಳಿತು. ನಡುವಿನದು ಕ್ಯಾಲಿಫೋರ್ನಿಯಾ ಸ್ಟೇಟ್ ಯೂನಿವರ್ಸಿಟಿ, ಅಂದರೆ ಸಿಎಸ್‌ಯು. ಸ್ಯಾನ್ ಹೋಸೆ ಸ್ಟೇಟ್ ಇದಕ್ಕೆ ಸೇರಿದ್ದು. ಇದು ಮುಂದಿರುವ ಮೂರನೇ ಒಂದು ಭಾಗಕ್ಕೆ. ನೆಲಮಹಡಿಯ ಕಮ್ಯುನಿಟಿ ಕಾಲೇಜು ಎಲ್ಲರಿಗೂ ತೆರೆದದ್ದು. ಇಂಥವು ಈಗ 116 ಇವೆ.

ಕಟ್ಟಡಕ್ಕೆ ಮೆಟ್ಟಿಲನ್ನು ಮೊದಲೇ ಇಟ್ಟಿದ್ದರು. ಕೆಳಗೆ ಎರಡು ವರ್ಷ ಓದಿ ಮೇಲಿನ ಮಹಡಿಯಲ್ಲಿ ಮೂರನೇ ವರ್ಷಕ್ಕೆ ಸೇರುವುದೇ ‘ಟ್ರಾನ್ಸ್‌ಫರ್’. ನಮ್ಮಲ್ಲಿ ಪಾಲಿಟೆಕ್ನಿಕ್ ಡಿಪ್ಲೊಮಾ ಮುಗಿಸಿದವರು ಡಿಸಿಇಟಿ ಬರೆದು ನೇರ ಎರಡನೇ ವರ್ಷದ ಬಿ.ಇ.ಗೆ ಸೇರುತ್ತಾರಲ್ಲ, ಅದರ ಅಣ್ಣನಂಥದ್ದು. ಆದರೆ ಇಲ್ಲಿ ಡಿಸಿಇಟಿಯಂಥ ಒಂದು ಪ್ರವೇಶ ಪರೀಕ್ಷೆಯಿಲ್ಲ. ಎರಡು ವರ್ಷದಲ್ಲಿ ಯಾವ ಕೋರ್ಸ್ ತೆಗೆದುಕೊಂಡಿರಿ, ಅದರಲ್ಲಿ ಏನು ಗ್ರೇಡ್ ಬಂತು ಎಂಬುದೇ ಪರೀಕ್ಷೆ. ಹಾಗಾಗಿ ಕೋರ್ಸ್ ಆಯ್ಕೆಯಲ್ಲಿ ಎಡವಿದರೆ ಪರೀಕ್ಷೆಯಲ್ಲೇ ಎಡವಿದಂತೆ.

ಜನ ಈ ದಾರಿ ಹಿಡಿಯಲು ಮುಖ್ಯ ಕಾರಣ ದುಡ್ಡು. ರಾಜ್ಯದ ನಿವಾಸಿಗಳಿಗೆ ಕಮ್ಯುನಿಟಿ ಕಾಲೇಜಿನ ಶುಲ್ಕ ಸೆಮಿಸ್ಟರ್ ಯೂನಿಟ್ಟಿಗೆ 46 ಡಾಲರ್. ಟ್ರಾನ್ಸ್‌ಫರಿಗೆ ಬೇಕಾದ 60 ಯೂನಿಟ್ಟಿಗೆ 2,760 ಡಾಲರ್ ಆಯಿತು. ಯುಸಿಯಲ್ಲಿ ಒಂದೇ ವರ್ಷದ ಬೋಧನಾ ಶುಲ್ಕ 15 ಸಾವಿರ ಡಾಲರಿನ ಆಸುಪಾಸು. ಊಟ ವಸತಿ ಬೇರೆ. ಪದವಿ ಪತ್ರದಲ್ಲಿ ಕೊನೆಗೆ ಇರುವುದು ಯುಸಿಯ ಹೆಸರು.

ಸೇರು ಮತ್ತು ಲೀಟರ್

ಯೂನಿಟ್ ಎಂದರೆ ಓದಿನ ಅಳತೆ. ವಾರಕ್ಕೆ ಮೂರು ಗಂಟೆ ಪಾಠವಿರುವ ಸೆಮಿಸ್ಟರ್ ಕೋರ್ಸ್ ಸಾಮಾನ್ಯವಾಗಿ 3 ಯೂನಿಟ್. ತೊಡಕೆಂದರೆ ಎಲ್ಲ ಕಾಲೇಜುಗಳ ಅಳತೆಪಾತ್ರೆ ಒಂದೇ ಅಲ್ಲ. ಹೆಚ್ಚಿನವು ವರ್ಷವನ್ನು ಎರಡು ಸೆಮಿಸ್ಟರ್ ಮಾಡುತ್ತವೆ. ಡಿ ಆಂಜಾ, ಫುಟ್‌ಹಿಲ್ ಮೂರು ಕ್ವಾರ್ಟರ್ ಮಾಡುತ್ತವೆ. ಒಂದು ಕ್ವಾರ್ಟರ್ ಯೂನಿಟ್ ಎಂದರೆ ಸೆಮಿಸ್ಟರ್ ಯೂನಿಟ್ಟಿನ ಮೂರನೇ ಎರಡು ಭಾಗ. ಆದ್ದರಿಂದಲೇ ಮಿಷನ್ ಕಾಲೇಜಿನವರಿಗೆ 60 ಯೂನಿಟ್, ಡಿ ಆಂಜಾದವರಿಗೆ 90. ಎರಡೂ ಒಂದೇ ಹೊರೆ.

ಎರಡು ಅಳತೆಯ ಕಾಲೇಜುಗಳಲ್ಲಿ ಕಾಲಿಡುವವರು ಇಲ್ಲಿ ಎಚ್ಚರ ವಹಿಸಬೇಕು. ಅಮೆರಿಕದ ಇತಿಹಾಸವನ್ನು ಸೆಮಿಸ್ಟರ್ ಕಾಲೇಜು ಎರಡು ಭಾಗ ಮಾಡಿದರೆ ಕ್ವಾರ್ಟರ್ ಕಾಲೇಜು ಮೂರು ಭಾಗ ಮಾಡಬಹುದು. ಇಲ್ಲಿ ಒಂದು ಭಾಗ, ಅಲ್ಲಿ ಒಂದು ಭಾಗ ಓದಿದರೆ ನಡುವೆ ಒಂದು ಕಾಲಘಟ್ಟವೇ ಕಾಣೆಯಾಗುತ್ತದೆ. ಸರಣಿ ಕೋರ್ಸನ್ನು ಶುರು ಮಾಡಿದ ಕಾಲೇಜಿನಲ್ಲೇ ಮುಗಿಸುವುದು ಮೇಲು.

ಲಾರಿಗೆ ಹತ್ತಿದ್ದೆಲ್ಲ ಅಡುಗೆಮನೆಗೆ ಹೋಗುವುದಿಲ್ಲ

ಗೊಂದಲದ ಗಂಟು ಇರುವುದು ಇಲ್ಲಿ. ಕೌನ್ಸೆಲರ್ ‘ಈ ಕೋರ್ಸ್ ಟ್ರಾನ್ಸ್‌ಫರ್ ಆಗುತ್ತದೆ’ ಎಂದರೆ ಮನೆಯವರಿಗೆ ಸಮಾಧಾನ. ಆದರೆ ಆ ಮಾತಿಗೆ ಮೂರು ಅರ್ಥಗಳಿವೆ.

ಮನೆ ಬದಲಿಸುವುದನ್ನು ನೆನೆಯಿರಿ. ಹಳೇ ಮನೆಯ ಸಾಮಾನನ್ನೆಲ್ಲ ಲಾರಿಗೆ ಹೇರುತ್ತೀರಿ. ಕೆಲವನ್ನು ಲಾರಿಯವನೇ ಹತ್ತಿಸಿಕೊಳ್ಳುವುದಿಲ್ಲ. ಹತ್ತಿದವುಗಳಲ್ಲಿ ಕುಕ್ಕರ್, ಒಲೆ ನೇರ ಅಡುಗೆಮನೆಗೆ; ಮಂಚ, ಬೀರು ಕೋಣೆಗೆ. ಉಳಿದ ಹಳೇ ಟೀಪಾಯಿ, ಮುರಿದ ಕೈಯ ಕುರ್ಚಿ ಅಟ್ಟಕ್ಕೆ. ಅಟ್ಟದಲ್ಲಿರುವುದೂ ನಿಮ್ಮದೇ, ಆದರೆ ಬಳಕೆಗಿಲ್ಲ.

ಕೋರ್ಸೂ ಹಾಗೆಯೇ. ಮೊದಲ ಪ್ರಶ್ನೆ, ಈ ಯೂನಿಟ್ಟನ್ನು ಯುಸಿ ಅಥವಾ ಸಿಎಸ್‌ಯು ಒಪ್ಪುತ್ತದೆಯೇ? ಸಿಎಸ್‌ಯು ಒಪ್ಪಿ ಯುಸಿ ಒಪ್ಪದ ಕೋರ್ಸುಗಳಿವೆ. ಎರಡನೇ ಪ್ರಶ್ನೆ, ಎಲ್ಲರೂ ಓದಲೇಬೇಕಾದ ಸಾಮಾನ್ಯ ಶಿಕ್ಷಣದ ಒಂದು ಖಾನೆಯನ್ನು ಇದು ತುಂಬುತ್ತದೆಯೇ? ಮೂರನೆಯದು, ರಾಜ್ಯಶಾಸ್ತ್ರ ವಿಭಾಗ ಕೇಳುವ ಪೂರ್ವಸಿದ್ಧತೆಯ ಕೋರ್ಸಿಗೆ ಇದು ಸಮವೇ? ಮೊದಲನೆಯದಕ್ಕೆ ಮಾತ್ರ ‘ಹೌದು’ ಬಂದರೆ ಕೋರ್ಸ್ ಅಟ್ಟದ ಸಾಮಾನು. 60 ತುಂಬಿಸಲು ನೆರವಾಗುತ್ತದೆ, ಅಷ್ಟೇ. ಅಟ್ಟ ತುಂಬಿ ಅಡುಗೆಮನೆ ಖಾಲಿಯಿದ್ದರೆ ಯೂನಿಟ್ 60 ದಾಟಿದ್ದರೂ ಅರ್ಜಿ ಬಡವಾಗುತ್ತದೆ. ಎರಡು ಮತ್ತು ಮೂರು, ಎರಡಕ್ಕೂ ‘ಹೌದು’ ಬರುವ ಕೋರ್ಸುಗಳೇ ಬಂಗಾರ.

ರಾಜ್ಯಶಾಸ್ತ್ರದ ನಾಲ್ಕು ಕೋಣೆ, ಒಂದು ತಕ್ಕಡಿ

ಪಿಯುಸಿಯಲ್ಲಿ ಎಚ್‌ಇಪಿಎಸ್ ಕಾಂಬಿನೇಷನ್ ಓದಿದವರಿಗೆ ರಾಜ್ಯಶಾಸ್ತ್ರ ಎಂದರೆ ಸಂವಿಧಾನ, ಸರ್ಕಾರದ ಅಂಗಗಳು, ಚಿಂತಕರು. ಅಮೆರಿಕದ ವಿಭಾಗಗಳು ಅದನ್ನೇ ನಾಲ್ಕು ಕೋಣೆ ಮಾಡಿಕೊಂಡಿವೆ. ಬರ್ಕ್ಲಿಯ ಆರಂಭಿಕ ಕೋರ್ಸುಗಳಲ್ಲಿ 1 ಅಮೆರಿಕದ ರಾಜಕೀಯ, 2 ತುಲನಾತ್ಮಕ ರಾಜಕೀಯ, 4 ರಾಜಕೀಯ ಸಿದ್ಧಾಂತ, 5 ಅಂತಾರಾಷ್ಟ್ರೀಯ ಸಂಬಂಧ. ಸ್ಯಾನ್ ಡಿಯೇಗೊದಲ್ಲಿ 10 ಅಮೆರಿಕ, 11 ತುಲನೆ, 12 ಅಂತಾರಾಷ್ಟ್ರೀಯ ಸಂಬಂಧ, 13 ಅಧಿಕಾರ ಮತ್ತು ನ್ಯಾಯ. ಲಾಸ್ ಏಂಜಲೀಸ್‌ನಲ್ಲಿ ನಂಬರ್ ಮತ್ತೂ ಬೇರೆ. ಹೆಸರು, ನಂಬರ್ ಹೇಗೇ ಇರಲಿ, ಕೋಣೆಗಳು ಅವೇ.

ಅಮೆರಿಕದ ರಾಜಕೀಯ ಎಂದರೆ ಸಂವಿಧಾನ, ಕಾಂಗ್ರೆಸ್, ಅಧ್ಯಕ್ಷ, ನ್ಯಾಯಾಲಯ, ಚುನಾವಣೆ. ಇದೇ ಈಗಿನ ಪೋಲ್ಸ್ ಸಿ1000. ತುಲನಾತ್ಮಕ ರಾಜಕೀಯ ದೇಶಗಳನ್ನು ಪಕ್ಕಪಕ್ಕ ಇಟ್ಟು ನೋಡುತ್ತದೆ. ಲೋಕಸಭೆ, ವಿಧಾನಸಭೆ ಚುನಾವಣೆಗಳನ್ನು ಭಾರತದಲ್ಲಿ ಒಂದೇ ಚುನಾವಣಾ ಆಯೋಗ ನಡೆಸುತ್ತದೆ. ಅಮೆರಿಕದಲ್ಲಿ ಅಧ್ಯಕ್ಷರ ಚುನಾವಣೆಯನ್ನೂ ರಾಜ್ಯಗಳು, ಕೌಂಟಿಗಳು ತಂತಮ್ಮ ನಿಯಮದಲ್ಲಿ ನಡೆಸುತ್ತವೆ. ಈ ವ್ಯತ್ಯಾಸ ಯಾಕೆ, ಇದರಿಂದ ಆಗುವುದೇನು ಎಂದು ಕೇಳುವ ವಿಷಯ ಇದು. ಎರಡು ದೇಶದ ಸುದ್ದಿ ಕೇಳುತ್ತ ಬೆಳೆದ ಮಕ್ಕಳಿಗೆ ಈ ಕೋರ್ಸಿನಲ್ಲಿ ಒಂದು ಹೆಜ್ಜೆ ಮುಂದಿದ್ದಂತೆ. ಅಂತಾರಾಷ್ಟ್ರೀಯ ಸಂಬಂಧದಲ್ಲಿ ಯುದ್ಧ, ಒಪ್ಪಂದ, ವ್ಯಾಪಾರ. ಸಿದ್ಧಾಂತದಲ್ಲಿ ಪ್ಲೇಟೊ, ಹಾಬ್ಸ್, ಲಾಕ್, ಮಿಲ್ ಮುಂತಾದವರ ಪಠ್ಯವನ್ನೇ ಕೂತು ಓದಬೇಕು. ಬರವಣಿಗೆ ಹೆಚ್ಚು.

ತಕ್ಕಡಿ ಎಂದದ್ದು ಸ್ಟ್ಯಾಟಿಸ್ಟಿಕ್ಸನ್ನು. ಗಣಿತ ಬೇಡವೆಂದೇ ರಾಜ್ಯಶಾಸ್ತ್ರಕ್ಕೆ ಬಂದವರು ಇಲ್ಲಿ ಬೆಚ್ಚುತ್ತಾರೆ. ಇದು ಯಾಕೆ ಬೇಕು? ಅನ್ನ ಬೆಂದಿದೆಯೇ ಎಂದು ತಿಳಿಯಲು ಅಮ್ಮ ಒಂದಗುಳು ಹಿಸುಕಿ ನೋಡುತ್ತಾಳೆ, ಇಡೀ ಪಾತ್ರೆಯನ್ನಲ್ಲ. ಚುನಾವಣಾ ಸಮೀಕ್ಷೆ ಮಾಡುವುದೂ ಅದನ್ನೇ. ಸರಿಯಾಗಿ ಆಯ್ದ ಸುಮಾರು ಸಾವಿರ ಜನರನ್ನು ಕೇಳಿದರೆ ಕೋಟಿಗಟ್ಟಲೆ ಮತದಾರರ ಒಲವನ್ನು ಶೇ. 3ರಷ್ಟು ಆಚೀಚೆಯಲ್ಲಿ ಹೇಳಬಹುದು. ‘ಸರಿಯಾಗಿ ಆಯ್ದ’ ಎಂಬಲ್ಲೇ ಗುಟ್ಟು. ತಳದ ಅಗುಳನ್ನಷ್ಟೇ ನೋಡಿದರೆ ಮೇಲಿನ ಅಕ್ಕಿ ಗಟ್ಟಿಯಿರುವುದು ತಿಳಿಯದು. ಇದನ್ನು ಕಲಿಸುವುದು ಸ್ಟ್ಯಾಟಿಸ್ಟಿಕ್ಸ್. ಬರ್ಕ್ಲಿಯ ಪಟ್ಟಿಯಲ್ಲಿ ಬಿಟ್ಟುಹೋದ 3ನೇ ನಂಬರ್ ಇಂಥದ್ದೇ, ಸಂಶೋಧನಾ ವಿಧಾನದ ಕೋರ್ಸ್. ನಾಲ್ಕು ಕೋಣೆಯಲ್ಲಿ ಎಷ್ಟು ಬೇಕು, ಯಾವುದು ಕಡ್ಡಾಯ ಎಂಬುದು ಕ್ಯಾಂಪಸ್ಸಿನಿಂದ ಕ್ಯಾಂಪಸ್ಸಿಗೆ ಬೇರೆ. ಆದರೆ ನಾಲ್ಕೂ ಕೋಣೆ ಮತ್ತು ಸ್ಟ್ಯಾಟಿಸ್ಟಿಕ್ಸ್ ಮುಗಿಸಿಟ್ಟುಕೊಂಡವರು ಎಲ್ಲಿ ಅರ್ಜಿ ಹಾಕಿದರೂ ಹೆಚ್ಚು ಕಳೆದುಕೊಳ್ಳುವುದಿಲ್ಲ.

ಕ್ಯಾಲ್-ಗೆಟ್ಸಿ: ಬಾಳೆ ಎಲೆಯ ಲೆಕ್ಕ

ಮದುವೆ ಊಟದಲ್ಲಿ ಉಪ್ಪಿನಕಾಯಿ, ಕೋಸಂಬರಿ, ಪಲ್ಯಕ್ಕೆ ಅದರದರ ಜಾಗ. ಪಲ್ಯ ಇಷ್ಟವೆಂದು ಎಲೆ ತುಂಬ ಅದನ್ನೇ ಬಡಿಸುವುದಿಲ್ಲ. ಸಾಮಾನ್ಯ ಶಿಕ್ಷಣದ ಪಟ್ಟಿಯೂ ಹಾಗೆಯೇ, ಒಟ್ಟು 34 ಸೆಮಿಸ್ಟರ್ ಯೂನಿಟ್. ಇಂಗ್ಲಿಷ್ ಬರವಣಿಗೆ, ವಿಮರ್ಶಾತ್ಮಕ ಚಿಂತನೆ, ಭಾಷಣ ಒಂದೊಂದು. ಗಣಿತ ಒಂದು. ಕಲೆ ಒಂದು, ಮಾನವಿಕ ಒಂದು. ಸಮಾಜವಿಜ್ಞಾನ ಎರಡು. ಭೌತಿಕ ವಿಜ್ಞಾನ ಒಂದು, ಜೀವವಿಜ್ಞಾನ ಒಂದು, ಅವುಗಳಲ್ಲೊಂದಕ್ಕೆ ಲ್ಯಾಬ್. ಕೊನೆಗೆ ಎತ್ನಿಕ್ ಸ್ಟಡೀಸ್, ಅಂದರೆ ಅಮೆರಿಕದ ಕಪ್ಪು, ಮೂಲನಿವಾಸಿ, ಏಷ್ಯನ್, ಲ್ಯಾಟಿನೊ ಸಮುದಾಯಗಳ ಅಧ್ಯಯನ, ಒಂದು. ಪ್ರತಿಯೊಂದರಲ್ಲೂ ಕನಿಷ್ಠ ‘ಸಿ’ ಗ್ರೇಡ್ ಬೇಕು, ‘ಸಿ ಮೈನಸ್’ ಸಾಲದು. ಯುಸಿ, ಸಿಎಸ್‌ಯು ಎರಡಕ್ಕೂ ಈಗ ಈ ಒಂದೇ ಪಟ್ಟಿ. 2021ರಲ್ಲಿ ಆದ ರಾಜ್ಯದ ಕಾನೂನಿನ ಫಲ ಇದು.

ಇದರಲ್ಲಿ ರಾಜ್ಯಶಾಸ್ತ್ರದವರಿಗೆ ಲಾಭದ ಎರಡು ಜಾಗಗಳಿವೆ. ಸ್ಟ್ಯಾಟಿಸ್ಟಿಕ್ಸ್ ಗಣಿತದ ಖಾನೆಯನ್ನೂ ತುಂಬುತ್ತದೆ, ವಿಭಾಗದ ಬೇಡಿಕೆಯನ್ನೂ ತೀರಿಸುತ್ತದೆ. ಪೋಲ್ಸ್ ಸಿ1000 ಸಮಾಜವಿಜ್ಞಾನದ ಒಂದು ಜಾಗಕ್ಕೂ ಕೂರುತ್ತದೆ. ಹಾಗೆಂದು ಎರಡನೇ ಜಾಗಕ್ಕೂ ರಾಜ್ಯಶಾಸ್ತ್ರವನ್ನೇ ತಂದರೆ ನಡೆಯದು. ಎರಡೂ ಬೇರೆ ಬೇರೆ ವಿಷಯದವಾಗಿರಬೇಕು. ಅಲ್ಲಿಗೆ ಅರ್ಥಶಾಸ್ತ್ರ ಅಥವಾ ಇತಿಹಾಸ ಚೆನ್ನ. ಅಮೆರಿಕದ ಇತಿಹಾಸವಾದರೆ ಇನ್ನೂ ಒಂದು ಅನುಕೂಲ: ಸಿಎಸ್‌ಯು ಪದವಿಗೆ ಅಮೆರಿಕದ ಇತಿಹಾಸ, ಸಂವಿಧಾನ, ಕ್ಯಾಲಿಫೋರ್ನಿಯಾ ಸರ್ಕಾರ ಓದಿರಲೇಬೇಕೆಂಬ ಪ್ರತ್ಯೇಕ ನಿಯಮವಿದೆ, ಅದರ ಒಂದು ಪಾಲು ಇಲ್ಲೇ ತೀರುತ್ತದೆ.

ಅಸಿಸ್ಟ್ ಎಂಬ ಕರಾರು ಪುಸ್ತಕ

ಯಾವ ಕಾಲೇಜಿನ ಯಾವ ಕೋರ್ಸ್ ಯಾವ ಕ್ಯಾಂಪಸ್ಸಿನ ಯಾವುದಕ್ಕೆ ಸಮ ಎಂದು ಮೊದಲೇ ಬರೆದುಕೊಂಡ ಒಪ್ಪಂದವನ್ನು ‘ಆರ್ಟಿಕ್ಯುಲೇಷನ್’ ಎನ್ನುತ್ತಾರೆ. ರಾಜ್ಯದ ಇಂಥ ಒಪ್ಪಂದಗಳೆಲ್ಲ ಅಸಿಸ್ಟ್ ಎಂಬ ಸರ್ಕಾರಿ ಜಾಲತಾಣದಲ್ಲಿವೆ, ಪುಕ್ಕಟೆ. ವರ್ಷ, ನಿಮ್ಮ ಕಾಲೇಜು, ಹೋಗಬೇಕಾದ ಕ್ಯಾಂಪಸ್, ರಾಜ್ಯಶಾಸ್ತ್ರ, ಇಷ್ಟು ಕೊಟ್ಟರೆ ಎಡಗಡೆ ಅವರು ಕೇಳುವ ಕೋರ್ಸ್, ಬಲಗಡೆ ನಿಮ್ಮ ಕಾಲೇಜಿನಲ್ಲಿ ಅದಕ್ಕೆ ಸಮವಾದದ್ದು ಕಾಣುತ್ತದೆ.

ಬಲಗಡೆ ಕೆಲವೊಮ್ಮೆ ‘ಸಮವಾದ ಕೋರ್ಸ್ ಇಲ್ಲ’ ಎಂದಿರುತ್ತದೆ. ಗಾಬರಿ ಬೇಡ. ಪಕ್ಕದ ಕಮ್ಯುನಿಟಿ ಕಾಲೇಜಿನ ಪುಟ ತೆರೆದು ನೋಡಿ; ಅಲ್ಲಿದ್ದರೆ ಅದೊಂದು ಕೋರ್ಸನ್ನು ಅಲ್ಲೇ ತೆಗೆದುಕೊಳ್ಳಬಹುದು, ಆನ್‌ಲೈನ್ ಆದರೂ ಸರಿ. ಸ್ಟ್ಯಾನ್‌ಫೋರ್ಡ್, ಯುಎಸ್‌ಸಿಯಂಥ ಖಾಸಗಿ ವಿಶ್ವವಿದ್ಯಾಲಯಗಳು, ಹೊರರಾಜ್ಯದವು ಅಸಿಸ್ಟ್‌ನಲ್ಲಿ ಬರುವುದಿಲ್ಲ. ಅವುಗಳ ಮೇಲೂ ಕಣ್ಣಿದ್ದರೆ ಅವರವರ ಪ್ರವೇಶ ಕಚೇರಿಯನ್ನೇ ಕೇಳಬೇಕು.

ಹೆಚ್ಚಿನವರು ಮಾಡುವ ತಪ್ಪೆಂದರೆ ತಮ್ಮ ಕಾಲೇಜಿನ ಕ್ಯಾಟಲಾಗಿನಿಂದ ಶುರು ಮಾಡುವುದು. ಮೂರ್ನಾಲ್ಕು ಕ್ಯಾಂಪಸ್ ಮೊದಲು ಗುರುತಿಸಿ, ಅವುಗಳ ಎಡಗಡೆಯ ಪಟ್ಟಿಗಳನ್ನು ಒಟ್ಟಿಗೆ ಹರಡಿಕೊಂಡು, ಎಲ್ಲರೂ ಕೇಳುವ ಕೋರ್ಸನ್ನು ಮೊದಲು ತೆಗೆದುಕೊಳ್ಳಿ. ತಿರುಪತಿಗೆ ಹೋಗುವವರು ಬಸ್ ಸ್ಟ್ಯಾಂಡಿನಲ್ಲಿ ಮೊದಲು ಕಂಡ ಬಸ್ ಹತ್ತುವುದಿಲ್ಲವಲ್ಲ.

ಎರಡು ಖಾತ್ರಿ, ಎರಡರಲ್ಲೂ ಸಣ್ಣಕ್ಷರ

ಸಿಎಸ್‌ಯು ಕಡೆಯ ಖಾತ್ರಿಯ ಹೆಸರು ಎಡಿಟಿ, ಅಂದರೆ ಟ್ರಾನ್ಸ್‌ಫರಿಗೆಂದೇ ರೂಪಿಸಿದ ಎರಡು ವರ್ಷದ ಪದವಿ. 2010ರ ಕಾನೂನಿನಿಂದ ಬಂದದ್ದು. ರಾಜ್ಯಶಾಸ್ತ್ರದ ಎಡಿಟಿಯಲ್ಲಿ ಅಮೆರಿಕನ್ ಸರ್ಕಾರದ ಕೋರ್ಸ್ ಕಡ್ಡಾಯ; ಮುಖ್ಯ ವಿಷಯದಲ್ಲಿ ಕನಿಷ್ಠ 18 ಯೂನಿಟ್, ಒಟ್ಟು 60, ಸರಾಸರಿ ಗ್ರೇಡ್ ಅಂದರೆ ಜಿಪಿಎ 2.0 ಬೇಕು. ಇದಿದ್ದರೆ ಸಿಎಸ್‌ಯುನಲ್ಲಿ ಸೀಟು ಖಾತ್ರಿ. ಸಣ್ಣಕ್ಷರ ಏನೆಂದರೆ, ಖಾತ್ರಿ ಇರುವುದು ಸಿಎಸ್‌ಯು ಒಟ್ಟು ವ್ಯವಸ್ಥೆಗೆ. ನಿಮಗೆ ಬೇಕಾದ ಕ್ಯಾಂಪಸ್ಸಿಗೇ ಅಲ್ಲ.

ಯುಸಿ ಕಡೆಯದು ಟ್ಯಾಗ್, ಅಂದರೆ ಟ್ರಾನ್ಸ್‌ಫರ್ ಸೀಟಿಗೆ ಮೊದಲೇ ಸಿಗುವ ಖಾತ್ರಿ. ಡೇವಿಸ್, ಅರ್ವೈನ್, ಮರ್ಸೆಡ್, ರಿವರ್‌ಸೈಡ್, ಸಾಂಟಾ ಬಾರ್ಬರಾ, ಸಾಂಟಾ ಕ್ರೂಜ್, ಈ ಆರರಲ್ಲಿ ಯಾವುದಾದರೂ ಒಂದಕ್ಕೆ ಮಾತ್ರ ಹಾಕಬಹುದು. ಆ ಕ್ಯಾಂಪಸ್ ಕೇಳಿದ ಜಿಪಿಎ ಮತ್ತು ಕೋರ್ಸುಗಳನ್ನು ಪೂರೈಸಿದರೆ ಸೀಟು ನಿಮ್ಮದು. ಬರ್ಕ್ಲಿ, ಲಾಸ್ ಏಂಜಲೀಸ್, ಸ್ಯಾನ್ ಡಿಯೇಗೊ ಟ್ಯಾಗ್ ಕೊಡುವುದಿಲ್ಲ. ಅಲ್ಲಿಗೆ ಸ್ಪರ್ಧೆಯೇ ದಾರಿ. ಯುಸಿಗೆ ಅರ್ಜಿ ಹಾಕಲು ರಾಜ್ಯದ ನಿವಾಸಿಗೆ ಕನಿಷ್ಠ ಜಿಪಿಎ 2.4, ಹೊರಗಿನವರಿಗೆ 2.8 ಎಂದಿದೆ. ಅದು ಸರದಿಯಲ್ಲಿ ನಿಲ್ಲಲು ಬೇಕಾದ ಚೀಟಿ ಮಾತ್ರ.

ಎರಡು ಖಾತ್ರಿಯಲ್ಲಿ ಒಂದನ್ನೇ ಆರಿಸಬೇಕೆಂದೇನಿಲ್ಲ. ಟ್ಯಾಗ್ ಒಂದು ಕಡೆ, ಎಡಿಟಿ ಇನ್ನೊಂದು ಕಡೆ, ನಡುವೆ ಬರ್ಕ್ಲಿಗೊಂದು ಅರ್ಜಿ, ಹೀಗೆ ಮೂರೂ ಒಟ್ಟಿಗೆ ಸಾಗಬಹುದು.

ಎರಡು ವರ್ಷ ಎಂದರೆ ನಿಜಕ್ಕೂ ಒಂದು ವರ್ಷ

ಆಗಸ್ಟಿನಲ್ಲಿ ಕಾಲೇಜು ಸೇರಿದ ವಿದ್ಯಾರ್ಥಿನಿಯೊಬ್ಬಳನ್ನು ಊಹಿಸಿಕೊಳ್ಳಿ. ಎರಡನೇ ವರ್ಷದ ಸೆಪ್ಟೆಂಬರ್ 1ರಿಂದ 30ರೊಳಗೆ ಅವಳು ಟ್ಯಾಗ್ ಸಲ್ಲಿಸಬೇಕು. ಯುಸಿ, ಸಿಎಸ್‌ಯು ಅರ್ಜಿಗಳು ಅಕ್ಟೋಬರ್, ನವೆಂಬರಿನಲ್ಲಿ. ಆ ಹೊತ್ತಿಗೆ ಕೈಯಲ್ಲಿರುವ ಗ್ರೇಡ್ ಮೊದಲ ವರ್ಷದ್ದು, ಜೊತೆಗೆ ಬೇಸಿಗೆಯದು. ಅರ್ಜಿ ಓದುವವರು ಅವಳನ್ನು ನೋಡುವುದು ಹೆಚ್ಚಾಗಿ ಆ ಒಂದು ವರ್ಷದ ಕಿಟಕಿಯಿಂದ. ‘ಮೊದಲ ವರ್ಷ ಹಗುರವಾಗಿರಲಿ, ಆಮೇಲೆ ನೋಡೋಣ’ ಎಂಬ ಮಾತು ಇಲ್ಲಿ ದುಬಾರಿ.

ಹಾಗಾಗಿ ಮೊದಲ ಸೆಮಿಸ್ಟರಿನಲ್ಲೇ ಇಂಗ್ಲಿಷ್ ಬರವಣಿಗೆ, ಸ್ಟ್ಯಾಟಿಸ್ಟಿಕ್ಸ್, ಪೋಲ್ಸ್ ಸಿ1000, ಜೊತೆಗೆ ಕಲೆ ಮತ್ತು ಎತ್ನಿಕ್ ಸ್ಟಡೀಸ್. ಎರಡನೆಯದರಲ್ಲಿ ವಿಮರ್ಶಾತ್ಮಕ ಚಿಂತನೆ (ಇಂಗ್ಲಿಷ್ ಮುಗಿಯದೆ ಇದಕ್ಕೆ ಬಿಡುವುದಿಲ್ಲ), ತುಲನಾತ್ಮಕ ರಾಜಕೀಯ, ಅರ್ಥಶಾಸ್ತ್ರ ಅಥವಾ ಇತಿಹಾಸ, ಲ್ಯಾಬ್ ಇರುವ ಜೀವವಿಜ್ಞಾನ. ಮೂರನೆಯದರಲ್ಲಿ ಅಂತಾರಾಷ್ಟ್ರೀಯ ಸಂಬಂಧ, ಭಾಷಣ, ಭೌತಿಕ ವಿಜ್ಞಾನ. ಸಿದ್ಧಾಂತ ಮತ್ತು ಮಾನವಿಕ ಕೊನೆಗೆ. ಸೆಮಿಸ್ಟರಿಗೆ 15 ಯೂನಿಟ್‌ನಂತೆ ಹೋದರಷ್ಟೇ ನಾಲ್ಕರಲ್ಲಿ 60. ‘ಫುಲ್ ಟೈಮ್’ ಎನಿಸಿಕೊಳ್ಳಲು 12 ಸಾಕು, ಆದರೆ 12ರಂತೆ ಹೋದರೆ ನಾಲ್ಕು ಸೆಮಿಸ್ಟರಿಗೆ 48 ಮಾತ್ರ. ಉಳಿದ 12 ಬೇಸಿಗೆಗೆ ಬೀಳುತ್ತದೆ.

ಒಂದು ಮಾತು ನೆನಪಿರಲಿ. ರಾಜಕೀಯ ಸಿದ್ಧಾಂತದಂಥ ಕೋರ್ಸನ್ನು ಸಣ್ಣ ಕಾಲೇಜುಗಳು ವರ್ಷಕ್ಕೊಮ್ಮೆ ಮಾತ್ರ ಇಡಬಹುದು. ಜನ ಸೇರದಿದ್ದರೆ ರದ್ದಾಗುವುದೂ ಉಂಟು. ಕೊನೆಯ ಸೆಮಿಸ್ಟರಿಗೆ ಇಟ್ಟುಕೊಂಡ ಒಂದೇ ಒಂದು ಕಡ್ಡಾಯ ಕೋರ್ಸ್ ರದ್ದಾದರೆ ಓಡಾಟ ತಪ್ಪಿದ್ದಲ್ಲ. ಹಿಂದಿನ ಎರಡು ವರ್ಷದ ವೇಳಾಪಟ್ಟಿ ತೆಗೆದು ಅದು ಯಾವಾಗ ನಡೆದಿತ್ತೆಂದು ಈಗಲೇ ನೋಡಿಟ್ಟುಕೊಳ್ಳಬಹುದು.

ನಮ್ಮ ಮನೆಗಳ ಪ್ರಶ್ನೆಗಳು

ಎಚ್-4, ಅಂದರೆ ಎಚ್-1ಬಿ ಕೆಲಸದ ವೀಸಾದವರ ಅವಲಂಬಿತರ ವೀಸಾದಲ್ಲಿರುವ ಮಕ್ಕಳು ರಾಜ್ಯದಲ್ಲಿ ಒಂದು ವರ್ಷ ನೆಲೆಸಿದ ದಾಖಲೆ ಇದ್ದರೆ ನಿವಾಸಿಗಳ ಶುಲ್ಕ ಪಡೆಯಬಹುದು. ವಿದ್ಯಾರ್ಥಿ ವೀಸಾ ಎಫ್-1ರಲ್ಲಿ ಆ ಅವಕಾಶವಿಲ್ಲ. 21 ತುಂಬಿದಾಗ ಎಚ್-4 ಕೊನೆಯಾಗುತ್ತದೆ, ಗ್ರೀನ್ ಕಾರ್ಡ್ ಸರದಿಯಲ್ಲಿರುವ ಎಷ್ಟೋ ಮಕ್ಕಳು ಆಗ ಎಫ್-1ಕ್ಕೆ ಬದಲಾಗುತ್ತಾರೆ. ಟ್ರಾನ್ಸ್‌ಫರ್ ಆಗುವುದೂ 20-21ರ ವಯಸ್ಸಿನಲ್ಲೇ. ಆದ್ದರಿಂದ ಮೂರನೇ, ನಾಲ್ಕನೇ ವರ್ಷದ ಶುಲ್ಕ ಯಾವ ದರದಲ್ಲಿ ಬರುತ್ತದೆಂದು ಹೋಗಲಿರುವ ಕ್ಯಾಂಪಸ್ಸಿನ ರೆಸಿಡೆನ್ಸಿ ಕಚೇರಿಯಿಂದ ಬರವಣಿಗೆಯಲ್ಲಿ ಕೇಳಿ ಪಡೆಯುವುದು ಒಳ್ಳೆಯದು.

ಹೈಸ್ಕೂಲಿನಲ್ಲಿ ಎಪಿ ಗವರ್ನಮೆಂಟ್ ಎಂಬ ಕಾಲೇಜು ಮಟ್ಟದ ಪರೀಕ್ಷೆ ಬರೆದು 3 ಅಥವಾ ಹೆಚ್ಚು ಅಂಕ ಪಡೆದವರಿಗೆ ಸಮಾಜವಿಜ್ಞಾನದ ಒಂದು ಖಾನೆ ತುಂಬುತ್ತದೆ. ಅದೇ ಅಂಕ ವಿಭಾಗದ ಆರಂಭಿಕ ಕೋರ್ಸಿಗೂ ಸಲ್ಲುತ್ತದೆಯೇ ಎಂಬುದು ಕ್ಯಾಂಪಸ್ಸಿಗೆ ಬಿಟ್ಟದ್ದು.

ಹಳೇ ಐಗೆಟ್ಸಿಯಲ್ಲಿ ಯುಸಿಗೆ ಹೋಗುವವರಿಗೆ ಇಂಗ್ಲಿಷಲ್ಲದ ಇನ್ನೊಂದು ಭಾಷೆಯ ಷರತ್ತಿತ್ತು. ಕ್ಯಾಲ್-ಗೆಟ್ಸಿಯಲ್ಲಿ ಅದಿಲ್ಲ. ಆದರೆ ಕೆಲವು ಕ್ಯಾಂಪಸ್‌ಗಳು ಪದವಿಗೆ ಭಾಷೆಯನ್ನು ಈಗಲೂ ಕೇಳುತ್ತವೆ. ಊರಿನಲ್ಲಿ ಏಳೆಂಟನೇ ಕ್ಲಾಸಿನವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ ಬಂದವರಿದ್ದರೆ ಆ ಶಾಲೆಯ ಅಂಕಪಟ್ಟಿಯನ್ನು ಎಸೆಯಬೇಡಿ, ಕೌನ್ಸೆಲರ್ ಮುಂದಿಡಿ. ಒಂದೆರಡು ಸೆಮಿಸ್ಟರಿನ ಸ್ಪ್ಯಾನಿಷ್ ಉಳಿದರೂ ಉಳಿಯಬಹುದು.

ಯುಸಿಯ ಉತ್ತರ ಏಪ್ರಿಲ್‌ನಲ್ಲಿ ಬರುತ್ತದೆ, ಒಪ್ಪಿಗೆ ಹೇಳಲು ಜೂನ್ 1ರವರೆಗೆ ಸಮಯ. ಅಂತಿಮ ಅಂಕಪಟ್ಟಿ ಜುಲೈ 1ರೊಳಗೆ ತಲುಪಬೇಕು. ಅದರ ಜೊತೆಗೆ ಹೋಗಬೇಕಾದ ಇನ್ನೊಂದು ಕಾಗದವಿದೆ: ಕ್ಯಾಲ್-ಗೆಟ್ಸಿ ಪೂರ್ತಿಯಾಗಿದೆ ಎಂಬ ಪ್ರಮಾಣಪತ್ರ. ಎಲ್ಲ ಕೋರ್ಸ್ ಮುಗಿದರೂ ಅದು ತಾನಾಗಿ ಹೋಗುತ್ತದೆಂದು ನಂಬಿ ಕೂರಬೇಡಿ. ಅಂಕಪಟ್ಟಿಗೆ ಅರ್ಜಿ ಹಾಕುವಾಗಲೇ ಅದನ್ನೂ ಕೇಳಿಕೊಳ್ಳಿ.